ದಿನಕ್ಕೊಂದು ಫ್ರೇಮು

ಕಲ್ಯಾಣದುರ್ಗ
6 ಆಗಸ್ಟ್ 2023

ರಾಮಲಿಂಗ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕೆಲಸವಿದೆ, ಅದಕ್ಕೇ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಮಾತು ತೇಲಿಸಿಬಿಡುತ್ತೀ, ಕಾಗದದಲ್ಲಾದರೆ ಕೈಗೆ ಸಿಗುತ್ತೀ.

ಜೀಪ್ ಸ್ಟ್ಯಾಂಡಿನ ಸಿನಿಮಾ ನೆನಪಿದೆಯಾ? ನೀನು ಇಲ್ಲಿ ಕಾಲೇಜು ಮೇಷ್ಟ್ರಾಗಿದ್ದಾಗ ನಿನ್ನ ಬಾಡಿಗೆ ರೂಮಿನ ಕಿಟಕಿಗೆ ಗಾರೆ ಹಾಕಿ ನನ್ನ ಕ್ಯಾಮೆರಾ ಕೂರಿಸಿದ್ದೆ. ಎದುರಿಗೆ ಜೀಪ್ ಸ್ಟ್ಯಾಂಡು, ಅದರ ಮೂಲೆಯಲ್ಲಿ ಅವ್ವನ ಉಗ್ಗಾಣಿ-ಬಜ್ಜಿ ಅಂಗಡಿ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಒಂದೇ ಒಂದು ಫ್ರೇಮು. 1987ರ ಮಾರ್ಚಿನಿಂದ ಮೂರು ವರ್ಷ, ಸಾವಿರದ ತೊಂಬತ್ತಾರು ದಿನ. ನಾನು ಮದ್ರಾಸಿನ ಲ್ಯಾಬಿನಲ್ಲಿ ಬೇರೆಯವರ ಫಿಲಂ ತೊಳೆಯುತ್ತಿದ್ದೆ. ಇಲ್ಲಿ ಗುಂಡಿ ಒತ್ತುತ್ತಿದ್ದವನು ನೀನು.

ಮುಗಿದ ತಿಂಗಳಿಗೇ ಅವ್ವ ಹೋದಳು. ಊರವರ ಫಿಲಂ ಎಲ್ಲ ತೊಳೆದವನಿಗೆ ಆ ಒಂದು ರೋಲನ್ನು ತೊಳೆಯಲು ಕೈ ಬರಲಿಲ್ಲ. ಮೂವತ್ಮೂರು ವರ್ಷದಿಂದ ಡಬ್ಬಿ ಹಾಗೇ ಇದೆ.

ಈಗ ಬೆಂಗಳೂರಿನಿಂದ ಅನಿತಾ ಅನ್ನುವವಳು ಬಂದಿದ್ದಳು. ಹಳೆಯ ಪ್ರಯೋಗ ಚಿತ್ರಗಳನ್ನು ಕೂಡಿಡುವ ಕೆಲಸ ಅವಳದು. ರೋಲನ್ನು ತೊಳೆಸಿ, ನಾಲ್ಕು ಜನಕ್ಕೆ ತೋರಿಸಿ, ಜೊತೆಗೆ ಒಂದು ಪುಸ್ತಿಕೆ ಹಾಕುತ್ತಾಳಂತೆ. ಪುಸ್ತಿಕೆಯಲ್ಲಿ ನಾನು ಬರೆದಿರುವ ಮೊದಲ ಸಾಲು: ‘ಒಂದು ದಿನವೂ ತಪ್ಪಿಲ್ಲ.’ ಒತ್ತಿದವನು ನೀನಾದ್ದರಿಂದ, ಹೌದು, ತಪ್ಪಿಲ್ಲ ಎಂದು ನಿನ್ನ ಕೈಬರಹದಲ್ಲಿ ಒಂದು ಪುಟ ಬೇಕು.

ಜೋಕು ಬೇಡ.

ಭೀಮೇಶ್


ಹಿಂದೂಪುರ
19 ಆಗಸ್ಟ್ 2023

ಭೀಮೇಶನೆಂಬ ಭೀಕರ ಕಲಾವಿದನೇ,

ನಿನ್ನ ಕಾಗದ ಕೊಡುವಾಗ ನಮ್ಮ ಪೋಸ್ಟ್‌ಮ್ಯಾನ್ ಮುಖ ಸಣ್ಣದು ಮಾಡಿಕೊಂಡು, “ಕೈಯಾಗೆ ಬರ್ದಿರೋದು ಬಂದೈತೆ ಸಾರ್. ಯಾರಾದ್ರೂ ಹೋಗ್ಬುಟ್ರಾ?” ಎಂದ. “ಇಲ್ಲ ಕಣಪ್ಪ, ಹೋಗಿದ್ದವನು ಬಂದವ್ನೆ” ಎಂದೆ. ಬ್ಯಾಂಕಿನ ನೋಟೀಸು, ಕರೆಂಟು ಬಿಲ್ಲು ಬಿಟ್ಟರೆ ಬೇರೇನೂ ತರದ ಆ ಮನುಷ್ಯ ಖುಷಿಯಾಗಿ ಒಂದು ಲೋಟ ಮಜ್ಜಿಗೆ ಕುಡಿದು ಹೋದ.

ಜೋಕು ಬೇಡ ಎಂದು ನೀನು ನನಗೆ ಬರೆಯುವುದು, ಉಪ್ಪು ಬೇಡ ಎಂದು ಸಮುದ್ರಕ್ಕೆ ಅರ್ಜಿ ಹಾಕಿದ ಹಾಗೆ. ಅದಿರಲಿ. ನಮ್ಮಿಬ್ಬರನ್ನು ಈಗ ಆಂಧ್ರ ಸರ್ಕಾರವೂ ಬೇರೆ ಮಾಡಿದೆ, ಗೊತ್ತಾಯಿತಾ? ನಿನ್ನ ಊರು ಒಂದು ಜಿಲ್ಲೆ, ನನ್ನದು ಇನ್ನೊಂದು. ನಾವು ಮಾತು ಬಿಟ್ಟದ್ದು ಹೇಗೋ ರಾಜಧಾನಿ ಅಮರಾವತಿಯವರೆಗೆ ಮುಟ್ಟಿರಬೇಕು.

ಆ ಸಿನಿಮಾ ಮರೆಯುವುದುಂಟೇ! ಕಿಟಕಿಗೆ ಗಾರೆ ಹಾಕಿದ್ದು ಕಂಡು ಮನೆ ಓನರ್ ಜಯರಾಮಪ್ಪ ಮೆಟ್ಟಿಲ ಕೆಳಗೇ ನಿಂತು, “ಏಮಯ್ಯಾ ಲೆಕ್ಚರರೂ, ಫಿರಂಗಿ ಪೆಟ್ಟಿನಾವಾ?” ಎಂದು ಕೂಗಿದ್ದ, ಫಿರಂಗಿ ಇಟ್ಟಿದ್ದೀಯಾ ಅಂತ. ನಾನು ಆಗ ಲೆಕ್ಕ ಹಾಕಿದ್ದೆ. ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು ಓಡಬೇಕು, ಹಾಗಾದರೆ ಒಂದು ವರ್ಷಕ್ಕೆ ಹದಿನೈದು ಸೆಕೆಂಡು, ಮೂರು ವರ್ಷದ ಮಹಾಕಾವ್ಯ ನಲವತ್ತೈದು ಸೆಕೆಂಡು. “ಇಂಟರ್ವಲ್ ಎಲ್ಲಿ ಬಿಡ್ತೀಯ?” ಎಂದು ಕೇಳಿದ್ದಕ್ಕೆ ಒಂದು ವಾರ ನನ್ನ ಜೊತೆ ಊಟಕ್ಕೆ ಬರಲಿಲ್ಲ ನೀನು.

ನಿನ್ನದು ಪ್ರಯೋಗ, ನಾವು ಪಶುಗಳು. ಜಾಲಿಮುಳ್ಳಿನಲ್ಲಿ ಫಿಲಂ ಗೀಚಿ ಅದನ್ನು ಮಳೆ ಅಂದೆ, ನೆನೆದೆವು. ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನಲ್ಲಿ ಇಪ್ಪತ್ತೆರಡು ನಿಮಿಷ ಬರೀ ಲಾರಿಗಳ ಹಿಂಭಾಗ ತೋರಿಸಿದೆ, ಹಾರನ್ ಮಾಡದೆ ಕೂತೆವು. 1994ರಲ್ಲಿ ಇಲ್ಲಿನ ಲಾಡ್ಜಿನ ಹಾಲಿನಲ್ಲಿ ನಿನ್ನ ‘ಕಪ್ಪು’ ಚಿತ್ರ ಹಾಕಿದ್ದು ನೆನಪಿದೆಯಾ? ಏಳು ಜನ ಪ್ರೇಕ್ಷಕರು. ನಡುವೆ ಕರೆಂಟು ಹೋಯಿತು. ಹೋದದ್ದು ಯಾರಿಗೂ ತಿಳಿಯಲಿಲ್ಲ, ಹನ್ನೊಂದು ನಿಮಿಷ ಶ್ರದ್ಧೆಯಿಂದ ಕತ್ತಲೆ ನೋಡಿದೆವು. ಕೊನೆಗೆ ಫ್ಯಾನು ತಿರುಗತೊಡಗಿದಾಗ ಒಬ್ಬ ಚಪ್ಪಾಳೆ ತಟ್ಟಿದ. ಹೊಟ್ಟೆಪಾಡಿಗೆ ನೀನು ಮದುವೆ ವಿಡಿಯೋ ಮಾಡಿದ್ದಂತೂ ಇನ್ನೂ ಸೊಗಸು. ಮೂರು ಗಂಟೆ ಬರೀ ಪಾದಗಳು! ಹೆಣ್ಣಿನ ಅಪ್ಪ ಕ್ಯಾಸೆಟ್ ಹಿಡಿದುಕೊಂಡು ಬಂದು, “ಅಳಿಯ ಯಾವನು ಅಂತ ತೋರ್ಸು ಸಾಕು” ಎಂದು ಗೋಗರೆದಿದ್ದ.

ಆ ಒಂದು ಪುಟದ ವಿಷಯ. ಕೈಬರಹ ಕೆಟ್ಟಿದೆ ಕಣಯ್ಯ, ಬೆರಳು ನಡುಗುತ್ತೆ. ಅಲ್ಲದೆ ಮೂವತ್ಮೂರು ವರ್ಷ ಮಲಗಿರುವ ಡಬ್ಬಿಯನ್ನು ಈಗೇಕೆ ಎಬ್ಬಿಸುತ್ತೀ? ಫಿಲಂ ಹಾಳಾಗಿರುತ್ತೆ. ಮಲಗಿರಲಿ ಬಿಡು.

ಪಶುಗಳ ಪರವಾಗಿ,
ರಾಮಲಿಂಗಯ್ಯ


ಕಲ್ಯಾಣದುರ್ಗ
2 ಸೆಪ್ಟೆಂಬರ್ 2023

ರಾಮಲಿಂಗ,

ಮೂರು ಪುಟ ಬರೆದಿದ್ದೀಯ, ಕೇಳಿದ ಒಂದು ಪುಟ ಬಿಟ್ಟು. ನಡುಗುವ ಬೆರಳಿನ ಅಕ್ಷರ ಅಚ್ಚಿನ ಹಾಗಿದೆ.

ನೇರ ಹೇಳುತ್ತೇನೆ. ನನ್ನ ಹತ್ತಿರ ಅವ್ವನ ಫೋಟೋ ಇಲ್ಲ. ಗೋರಂಟ್ಲದಲ್ಲಿ ಯಾರದೋ ಮದುವೆಯಲ್ಲಿ ತೆಗೆದದ್ದು ಒಂದಿದೆ, ಅದರಲ್ಲೂ ಅವಳು ಹಿಂದೆ ತಿರುಗಿ ಇನ್ಯಾರನ್ನೋ ಬೈಯುತ್ತಿದ್ದಾಳೆ. ಫೋಟೋ ತೆಗೀತೀನಿ ಅಂದರೆ, “ನನ್ ಮಖ ನೋಡಿ ಯಾರ್ಲಾ ಬಜ್ಜಿ ತಿಂತಾರೆ” ಅನ್ನುತ್ತಿದ್ದಳು. ಅದಕ್ಕೇ ಜೀಪುಗಳ ಚಿತ್ರ ತೆಗೀತಿದೀನಿ ಎಂದು ಸುಳ್ಳು ಹೇಳಿ ನಿನ್ನ ಕಿಟಕಿಗೆ ಕ್ಯಾಮೆರಾ ಇಟ್ಟದ್ದು. ನನಗೆ ಜೀಪು ಬೇಕಿರಲಿಲ್ಲ.

ಲೋಕದಲ್ಲಿ ನಾಲ್ಕು ಕಡೆ ನನ್ನ ಕರೆದಿದ್ದಾರೆ. ಹೋದಲ್ಲೆಲ್ಲ ನಾನೇ ನೋಡದ ಈ ಸಿನಿಮಾದ ಬಗ್ಗೆಯೇ ಮಾತಾಡಿದ್ದೇನೆ. ನಮ್ಮೂರಲ್ಲಿ ಒಬ್ಬ ಚರಿತ್ರೆ ಮೇಷ್ಟ್ರಿದ್ದ, ಹಬ್ಬ ಅನ್ನದೆ ಜ್ವರ ಅನ್ನದೆ ಮೂರು ವರ್ಷ ಹನ್ನೆರಡು ಗಂಟೆಗೆ ಕಿಟಕಿಗೆ ಬಂದ, ಅಷ್ಟು ನಿಯತ್ತಿನ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ ಎಂದು. ಒಂದು ಕಡೆ ಜನ ಎದ್ದು ನಿಂತು ನಿನಗೆ ಚಪ್ಪಾಳೆ ಹೊಡೆದರು. ಬಂದು ಹೇಳಿದಾಗ ನಿನ್ನ ಮುಖ ಕಪ್ಪಿಟ್ಟಿತು. ಆಮೇಲೆ ನೀನು ಬರುವುದನ್ನೇ ಬಿಟ್ಟೆ. ನನ್ನ ಸಿನಿಮಾ ಸಹಿಸಲಾರದೆ ಬಿಟ್ಟೆ ಅಂದುಕೊಂಡೆ.

ಪುಟ ಕಳಿಸು. ಜನವರಿಯಲ್ಲಿ ತೊಳೆಯುತ್ತಾರೆ.

ಭೀಮೇಶ್


ಹಿಂದೂಪುರ
11 ಅಕ್ಟೋಬರ್ 2023

ಭೀಮೇಶ,

ಇದು ಏಳನೆಯ ಕರಡು. ಮೊದಲ ಆರನ್ನೂ ನಾಗರತ್ನ ಓದಿ, “ಪೀಠಿಕೆ ಸಾಕು, ವಿಷ್ಯಕ್ಕೆ ಬನ್ರೀ” ಎಂದು ವಾಪಸು ಕೊಟ್ಟಳು.

ತಪ್ಪಿದೆ. ಒಂದು ದಿನ ಅಲ್ಲ.

1988ರ ಬೇಸಿಗೆ ರಜೆ. ನಿನಗೆ ಮಾತು ಕೊಟ್ಟಂತೆ ನಾನು ಕಲ್ಯಾಣದುರ್ಗದಲ್ಲೇ ಇರಬೇಕಿತ್ತು. ಏಪ್ರಿಲ್ ಇಪ್ಪತ್ತರ ಬೆಳಿಗ್ಗೆ ಹಿಂದೂಪುರಕ್ಕೆ ಹೆಣ್ಣು ನೋಡಲು ಹೊರಟೆ. ಒಂದು ದಿನ ತಪ್ಪಿದರೆ ನಾಳೆ ಬಂದು ಎರಡು ಒತ್ತಿದರಾಯಿತು ಅಂದುಕೊಂಡೆ. ನೋಡಲು ಹೋದವನು ನೋಡುತ್ತಲೇ ಉಳಿದುಬಿಟ್ಟೆ ಕಣಯ್ಯ. ನಾಗರತ್ನಳ ಮನೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ. ಗೂಡು ಕೊಳ್ಳಲು ಬಂದ ರೀಲರ್‌ಗಳ ನಡುವೆ ನಿಂತು ಅವಳ ಬಾಗಿಲು ಕಾಯುತ್ತಿದ್ದೆ. “ಒಂದು ಗೂಡೂ ಕೊಳ್ಳದೆ ದಿನಾ ಬರ್ತಿದ್ದ ರೀಲರ್ ಇವ್ರೊಬ್ರೇ” ಎಂದು ಅವಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ನಿಜವೇ. ನೀನು ರೀಲು ಸುತ್ತಿದವನು, ನಾನು ರೀಲು ಬಿಟ್ಟವನು.

ನಲವತ್ತೊಂದು ದಿನ.

ಮೇ ಮೂವತ್ತೊಂದರಂದು ರೂಮಿಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕ್ಯಾಮೆರಾದ ಮೇಲೆ ಬೆರಳು ಮುಳುಗುವಷ್ಟು ಧೂಳು. ಎಣಿಕೆಯ ಮುಳ್ಳು ನಾನು ಬಿಟ್ಟುಹೋದ ಅಂಕಿಯಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು. ನಾನು ಮೇಷ್ಟ್ರು. ನಾಳೆ ಇನ್ಸ್‌ಪೆಕ್ಷನ್ ಅಂದರೆ ಇವತ್ತು ಕೂತು ಇಡೀ ತಿಂಗಳ ಹಾಜರಿ ತುಂಬುವುದು ನಮ್ಮ ಸ್ಟಾಫ್ ರೂಮಿನಲ್ಲಿ ಪಾಪ ಅಲ್ಲ, ಪದ್ಧತಿ. ಗೈರಾದ ದಿನಗಳಿಗೆಲ್ಲ ಒಟ್ಟಿಗೆ ಹಾಜರಿ ಹಾಕಿಬಿಡೋಣ ಎಂದು ಕೂತೆ. ಒಂದೊಂದಾಗಿ ಒತ್ತಲು ಸೋಮಾರಿತನ. ಗುಂಡಿಯನ್ನು ನೀನು ‘ಯಾವತ್ತೂ ತಿರುಗಿಸಬೇಡ’ ಎಂದಿದ್ದ ಕಡೆಗೆ ತಿರುಗಿಸಿದೆ. ಕರ್ರ್ ಎಂದು ಓಡಿಬಿಟ್ಟಿತು! ಆ ದಿನದ್ದೂ ಸೇರಿ ನಲವತ್ತೆರಡಕ್ಕೆ ನಿಲ್ಲಬೇಕಿತ್ತು, ಗಾಬರಿಯಲ್ಲಿ ಬೆರಳು ತೆಗೆಯುವಷ್ಟರಲ್ಲಿ ಐವತ್ತಮೂರು. ಹನ್ನೊಂದು ಹೆಚ್ಚಾಯಿತಲ್ಲ, ಅದನ್ನು ಸರಿದೂಗಿಸಲು ಮುಂದಿನ ಹನ್ನೊಂದು ದಿನ ಕ್ಯಾಮೆರಾಗೆ ರಜೆ ಕೊಟ್ಟೆ. ಕೊನೆಗೆ ಅಂಕಿ ಸರಿಹೋಯಿತು. ಚರಿತ್ರೆ ಪಾಠ ಮಾಡುವವನು ಚರಿತ್ರೆ ತಿದ್ದಿದ್ದು ಹೀಗೆ.

ಉಳಿದ ದಿನಗಳಲ್ಲಿ ಒಂದೂ ತಪ್ಪಿಲ್ಲ. ನನ್ನ ಮದುವೆಯ ದಿನ ಕೂಡ. ಅದಕ್ಕೆಂದೇ ಮದುವೆಯನ್ನು ಕಲ್ಯಾಣದುರ್ಗದಲ್ಲೇ ಮಾಡಿಸಿದೆ. ಧಾರೆ ಮುಗಿಸಿ ಬಾಸಿಂಗ ಕಟ್ಟಿಕೊಂಡೇ ರೂಮಿಗೆ ಓಡಿದವನು ನಾನು. ಅಷ್ಟು ಹೆದರಿದ್ದೆ. ಆಮೇಲೆ ನೀನು ಪ್ರತಿ ಸಲ ನಿಯತ್ತು ಅಂದಾಗಲೂ ಆ ಡಬ್ಬಿ ತೆರೆದುಕೊಂಡು ನನ್ನ ಹೆಸರು ಕೂಗುತ್ತೆ ಅನ್ನಿಸುತ್ತಿತ್ತು. ಬರುವುದು ಬಿಟ್ಟದ್ದು ನಿನ್ನ ಸಿನಿಮಾ ಸಹಿಸದೆ ಅಲ್ಲ, ನಿನ್ನ ಹೊಗಳಿಕೆ ಸಹಿಸದೆ.

“ನಲವತ್ತೈದು ಸೆಕೆಂಡಿನ ಸಿನಿಮಾಕ್ಕೆ ಮೂವತ್ತೈದು ವರ್ಷ ಹೆದ್ರಿಕೊಂಡಿದ್ರಾ?” ಎಂದಳು ನಾಗರತ್ನ. ಹೌದು ಎಂದೆ.

ಪುಟ ಬರೆಯಲಾರೆ.

ತಲೆ ತಗ್ಗಿಸಿ,
ರಾಮಲಿಂಗ


ಕಲ್ಯಾಣದುರ್ಗ
20 ಅಕ್ಟೋಬರ್ 2023

ಕಾಗದ ತಲುಪಿತು. ಆ ಐವತ್ತಮೂರನ್ನೂ ಕತ್ತರಿಸಿ ತೆಗೆಸುತ್ತೇನೆ. ಪುಸ್ತಿಕೆಯಿಂದ ನಿನ್ನ ಹೆಸರನ್ನೂ. ಉತ್ತರ ಬರೆಯಬೇಡ.

ಭೀ.


ಹಿಂದೂಪುರ
5 ಡಿಸೆಂಬರ್ 2023

ಭೀಮೇಶ,

ಉತ್ತರ ಬರೆಯಬೇಡ ಎಂದಿದ್ದೀಯ. ಇದು ಉತ್ತರವಲ್ಲ, ಹೊಸ ಕಾಗದ.

ಕತ್ತರಿಸು. ನಿನ್ನ ಸಿನಿಮಾ, ನಿನ್ನ ಕತ್ತರಿ. ಆದರೆ ತೊಳೆದ ಮೇಲೆ ನಿನಗೆ ಕಾಣದೆ ಹೋಗಬಹುದಾದ ಕೆಲವು ಸಂಗತಿ ಹೇಳಿಬಿಡುತ್ತೇನೆ, ಫ್ರೇಮಿನ ಆಚೆಗಿದ್ದವು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೂರುತ್ತಿದ್ದೆ. ಆ ಹೊತ್ತಿಗೆ ನಿನ್ನವ್ವ ನರಸಕ್ಕನ ಬೆಳಗಿನ ವ್ಯಾಪಾರ ಮುಗಿದು, ಉಗ್ಗಾಣಿಗೆ ಒಗ್ಗರಣೆ ಹಾಕಿದ ಮಂಡಕ್ಕಿಯ ತಪ್ಪಲೆ ಖಾಲಿಯಾಗಿ ಬೋರಲು ಬಿದ್ದಿರುತ್ತಿತ್ತು. ಸಂಜೆಯ ಬಜ್ಜಿಗೆ ಮೆಣಸಿನಕಾಯಿ ಸೀಳುತ್ತಾ ಕೂತಿರುತ್ತಿದ್ದಳು. ಜೀಪಿನವರು, “ರಾಯದುರ್ಗಂ, ರಾಯದುರ್ಗಂ, ಎಕ್ಕಂಡಿ ಎಕ್ಕಂಡಿ” ಎಂದು ಜನ ಹತ್ತಿಸಲು ಗಂಟಲು ಹರಿದುಕೊಳ್ಳುತ್ತಿದ್ದರು. ಎಂಟು ಜನ ಕೂರುವ ಜೀಪಿಗೆ ಹದಿನೆಂಟು ಜನ ಹತ್ತಿದ ಮೇಲೂ ನಿನ್ನವ್ವ, “ಇನ್ನೊಬ್ರು ಹಿಡೀತಾರೆ ಕಣ್ರಪ್ಪ, ಉಸ್ರು ಬಿಗಿ ಹಿಡ್ಕಳಿ” ಎಂದು ಛೇಡಿಸುತ್ತಿದ್ದಳು. ನನಗೆ ಆಗ ಇಪ್ಪತ್ತೇಳು. ಊರು ಹೊಸದು, ತೆಲುಗಿನಲ್ಲಿ ಸಂಬಳ, ಕನ್ನಡದಲ್ಲಿ ಸಂಕಟ. ದಿನಕ್ಕೊಮ್ಮೆ ಆ ಕಿಟಕಿಗೆ ಬರಲೇಬೇಕು ಎಂಬ ಒಂದು ಕೆಲಸ ಇಲ್ಲದಿದ್ದರೆ ನಾನು ಆ ಊರಲ್ಲಿ ನಿಲ್ಲುತ್ತಿರಲಿಲ್ಲ.

ನಿನ್ನ ಸಿನಿಮಾವನ್ನು ಕೆಡಿಸಿದವನೂ ನಾನೇ, ಅತಿ ಹೆಚ್ಚು ಪ್ರೀತಿಯಿಂದ ನೋಡಿದವನೂ ನಾನೇ. ಇಷ್ಟೇ.

ಕಿಟಕಿಯವನು,
ರಾಮಲಿಂಗ


ಕಲ್ಯಾಣದುರ್ಗ
28 ಜನವರಿ 2024

ರಾಮಲಿಂಗ,

ಬೆಂಗಳೂರಿಗೆ ಹೋಗಿ ಬಂದೆ. ಫಿಲಂ ತೊಳೆದರು. ಅಂಚಿನಲ್ಲಿ ಮಬ್ಬು ಹಿಡಿದಿದೆ. ಆದರೂ ಇದೆ.

ಕತ್ತಲೆ ಕೋಣೆಯಲ್ಲಿ ಅನಿತಾ ಮತ್ತು ನಾನು ಇಬ್ಬರೇ. ಓಡಿಸಿದಳು. ಜೀಪ್ ಸ್ಟ್ಯಾಂಡು ಬಂತು. ಜೀಪುಗಳು ಬರುವುದಿಲ್ಲ, ಹೋಗುವುದಿಲ್ಲ, ಇದ್ದಕ್ಕಿದ್ದಂತೆ ಇರುತ್ತವೆ, ಇದ್ದಕ್ಕಿದ್ದಂತೆ ಇರುವುದಿಲ್ಲ. ನಾನು ಬಯಸಿದ್ದು ಇದನ್ನೇ. ಆದರೆ ಅವ್ವ? ಒಂದು ದಿನ ಎಡಕ್ಕೆ ವಾಲಿದ್ದಾಳೆ, ಮಾರನೆಯ ದಿನ ಬಲಕ್ಕೆ, ಮೂರನೆಯ ದಿನ ಇಲ್ಲವೇ ಇಲ್ಲ. ಮುಖ ಎಲ್ಲಿ ಎಂದು ಕಣ್ಣು ಹುಡುಕುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತೆ. ನಾನು ಮಾಡಿದ ಸಿನಿಮಾದಲ್ಲಿ ಅವ್ವ ಬರೀ ಒಂದು ನಡುಕ.

ನಿಲ್ಲಿಸಿ ಮೊದಲ ಕೆಲವು ತಿಂಗಳನ್ನು ಒಂದೊಂದೇ ಫ್ರೇಮಾಗಿ ನೋಡಿದೆವು. ಅವಳಿರುವ ಪ್ರತಿಯೊಂದರಲ್ಲೂ ತಲೆ ತಗ್ಗಿಸಿ ಮೆಣಸಿನಕಾಯಿ ಸೀಳುತ್ತಿದ್ದಾಳೆ. ಬಿಸಿಲು ನೆತ್ತಿಯ ಮೇಲೆ, ಮುಖ ಪೂರ್ತಿ ಸೆರಗಿನ ನೆರಳಿನಲ್ಲಿ. ಹನ್ನೆರಡು ಗಂಟೆಯನ್ನು ಆರಿಸಿದವನು ನಾನೇ. ಆಗ ಅದು ಬಹಳ ದೊಡ್ಡ ಆಲೋಚನೆ ಅನ್ನಿಸಿತ್ತು.

ಮತ್ತೆ ಓಡಿಸಿದಳು. ಹದಿನೇಳು ಸೆಕೆಂಡು ದಾಟಿತು. ನಡುಕ ನಿಂತಿತು.

ಅವ್ವ ಒಂದು ಮೆಣಸಿನಕಾಯಿ ಕೆಳಗಿಟ್ಟಳು. ತಲೆ ಎತ್ತಿದಳು. ಖಾರದ ಕೈ ತಾಕದಂತೆ ಮುಂಗೈ ಹಿಂಭಾಗದಿಂದ ಹಣೆಯ ಕೂದಲು ಸರಿಸಿದಳು. ಅವಳು ಹಾಗೆ ಮಾಡುತ್ತಿದ್ದಳು ಎಂಬುದೇ ನನಗೆ ಮರೆತುಹೋಗಿತ್ತು ರಾಮಲಿಂಗ. ನೇರ ಕಿಟಕಿಯ ಕಡೆ ನೋಡಿದಳು, ಬಿಸಿಲು ಮುಖಕ್ಕೆ ಬಿತ್ತು. ಏನೋ ಹೇಳಿದಳು. ನಗಲು ಶುರು ಮಾಡಿದಳು. ಅಷ್ಟರಲ್ಲಿ ಮುಗಿಯಿತು. ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಆಮೇಲೆ ಮತ್ತೆ ನಡುಕ.

“ಸಾರ್, ಕಟ್ ಮಾಡ್ಬೇಕು ಅಂದಿದ್ರಲ್ಲ, ಎಲ್ಲಿಂದ ಎಲ್ಲಿಗೆ?” ಎಂದಳು ಅನಿತಾ. “ಇನ್ನೊಂದ್ಸಾರಿ ಹಾಕಮ್ಮ” ಎಂದೆ. ಎಷ್ಟು ಸಾರಿ ಹಾಕಿಸಿದೆನೋ ತಿಳಿಯದು. ಆ ಮಗು ಕೊನೆಗೆ ಕುರ್ಚಿಯಿಂದ ಎದ್ದು ನನಗೆ ನೀರು ತಂದುಕೊಟ್ಟಳು.

ಕತ್ತರಿಸುವುದಿಲ್ಲ. ಪುಸ್ತಿಕೆಯ ಮೊದಲ ಸಾಲು ತಿದ್ದಿದ್ದೇನೆ: ‘ಐವತ್ತೆರಡು ದಿನ ತಪ್ಪಿದೆ. ಕ್ಯಾಮೆರಾ: ರಾಮಲಿಂಗಯ್ಯ.’

ಈಗ ನಿನ್ನಿಂದ ಬೇರೆ ಬೇಕು. ಚಿತ್ರಕ್ಕೆ ಶಬ್ದವಿಲ್ಲ. ಶಬ್ದ ಬಂದರೆ ಸಿನಿಮಾ ಸಾಯುತ್ತೆ ಎಂದು ವಾದಿಸುತ್ತಾ ತಿರುಗಿದವನು ನಾನೇ. ಅವ್ವ ಆವತ್ತು ನಿನಗೆ ಏನು ಹೇಳಿದಳು? ಕೇಳಿಸಿಕೊಂಡವನು ಭೂಮಿಯ ಮೇಲೆ ನೀನೊಬ್ಬನೇ. ನೆನಪಿಲ್ಲದಿದ್ದರೆ ಇಲ್ಲ ಎಂದು ಬರೆ. ಕಟ್ಟಿ ಹೇಳಬೇಡ. ದಮ್ಮಯ್ಯ.

ಭೀಮೇಶ್


ಹಿಂದೂಪುರ
9 ಫೆಬ್ರವರಿ 2024

ಭೀಮೇಶ,

ನಿನ್ನ ಕಾಗದ ಬಂದು ಆರು ದಿನವಾಯಿತು. ಮೊದಲ ಮೂರು ದಿನ ಓದುವುದೇ ಕೆಲಸ. ನಾಲ್ಕನೆಯ ದಿನ ನಾನು ನಾನೇ ಆಗಿಬಿಟ್ಟೆ. ಒಂದು ಸೊಗಸಾದ ಮಾತು ಹೊಂದಿಸಿ ಬರೆದೆ. “ನಮ್ ಭೀಮೇಶ ಎಂದ್ ಬತ್ತಾನ್ಲಾ?” ಎಂದು ನರಸಕ್ಕ ಕೇಳಿದಳು ಅಂತ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಾಗರತ್ನಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, “ನಿಜವಾಗ್ಲೂ ಅಂದ್ರಾ?” ಎಂದಳು. ಹರಿದು ಹಾಕಿದೆ. ನಿನ್ನ ಅವ್ವನಿಗೂ ಪ್ರಾಕ್ಸಿ ಹಾಜರಿ ಹಾಕಲು ಹೊರಟಿದ್ದೆ ನೋಡು!

ಅವಳು ನಿನ್ನ ಹೆಸರೆತ್ತಲಿಲ್ಲ ಕಣೋ. ದೊಡ್ಡ ಮಾತೇನೂ ಆಡಲಿಲ್ಲ. ಹೇಳಿದ್ದು ಏನೆಂದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನು ಸಿಕ್ಕಿಬಿದ್ದದ್ದು ಆಗಲೇ. ನಲವತ್ತೊಂದು ದಿನ ಕಿಟಕಿ ಮುಚ್ಚಿದ್ದು ಆ ಬೀದಿಯಲ್ಲಿ ಗಮನಿಸಿದವಳು ಅವಳೊಬ್ಬಳೇ. ಕಿಟಕಿ ತೆರೆದು ಕ್ಯಾಮೆರಾ ಕರ್ರ್ ಎನ್ನುತ್ತಿದ್ದಾಗ ತಲೆ ಎತ್ತಿ, ಕೂದಲು ಸರಿಸಿ, ಇಡೀ ಜೀಪ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕೇಳಿದಳು:

“ಎಲ್ಲೋಗಿದ್ದೆಲಾ ಇಷ್ಟ್ ದಿನ?”

ಇಷ್ಟೇ. ನಗು ಯಾಕೆಂದರೆ, ನಾನು ಮದುಮಗನ ಹಾಗೆ ಕ್ರಾಪು ತೆಗೆಸಿಕೊಂಡು ಬಂದಿದ್ದೆ.

ನನ್ನ ಕೈ ಗುಂಡಿಯ ಮೇಲಿತ್ತು. ಕ್ಯಾಮೆರಾ ನಿಂತ ಮೇಲೆ ಇಣುಕಿ, “ಎಲ್ಲೂ ಇಲ್ಲ ನರಸಕ್ಕ, ಇಲ್ಲೇ ಇದ್ನಲ್ಲ” ಎಂದೆ. ನಂಬಲಿಲ್ಲ. ಸಂಜೆ ಕೆಳಗಿಳಿದು ಹೋದಾಗ ಕೇಳದೆಯೇ ನನ್ನ ಎಲೆಗೆ ಎರಡು ಬಜ್ಜಿ ಹೆಚ್ಚಿಗೆ ಹಾಕಿದಳು. ಬೈಯಲಿಲ್ಲ. ಅವಳ ಲೆಕ್ಕದಲ್ಲಿ ಹೋದವನು ಬಂದಿದ್ದ, ಮುಗಿಯಿತು.

ಗುರುವಾರ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ನಿನ್ನ ಬಾಗಿಲಿಗೆ ಬರುತ್ತೇನೆ. ನಾಗರತ್ನಳೂ ಬರುತ್ತಾಳೆ, ನರಸಕ್ಕನ ಮುಖ ನೋಡಬೇಕಂತೆ. ನೀನು ಬಾಗಿಲು ತೆಗೆದ ಕೂಡಲೇ ನಿಮ್ಮವ್ವ ಕೇಳಿದ್ದನ್ನೇ ಕೇಳು. ಈ ಸಲ ಇಲ್ಲೇ ಇದ್ದೆ ಅನ್ನುವುದಿಲ್ಲ.

ಬತ್ತೀನಿ,
ರಾಮಲಿಂಗ